ಹಿಂಬಳ್ಳಿ ಬೇಡ, ಬ್ರೇಕ್ ಬೇಕು

ಮೊನ್ನೆ ಶುಕ್ರವಾರ ಬೆಳಿಗ್ಗೆ ಒತ್ತಿನೆಣೆ ಗುಡ್ಡದ ತಲೆಯ ಮೇಲೆ ಪಿಕಪ್ ನಿಲ್ಲಿಸಿದೆ. ಕೀ ತೆಗೆದೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಹೋಗಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ.

ಪಿಕಪ್ಪಿನ ಹಿಂದೆ ಟ್ರೈಲರ್. ಟ್ರೈಲರಿನ ಮೇಲೆ ನನ್ನ ಅಣ್ಣ ಗೋಪಾಲನ ಫೈಬರ್ ದೋಣಿ. ದೋಣಿಯ ಹಿಂದೆ ದಪ್ಪ ಹಗ್ಗ ಹಿಡಿದು ನಿಂತ ಆರು ಜನ ಗಂಡಸರು. ಅವರ ಹಿಂದೆ ಒಂದು ಬಸ್ಸು, ಎರಡು ಟಿಪ್ಪರು, ಒಂದು ಗ್ಯಾಸ್ ಟ್ಯಾಂಕರು ಮತ್ತು ಕಿವಿ ಕಿತ್ತುಹೋಗುವಷ್ಟು ಹಾರ್ನು.

"ಹೆಣೆ, ಎಂತಾ ಮಾಡ್ತಿದ್ದೆ ನೀನ್? ಬಸ್ಸಿನವ್ರ್ ಬಯ್ತಿದ್ರ್ ಕಾಣ್" ಎಂದು ಅಣ್ಣ ಕೂಗಿದ.

"ಬಯ್ಲಿ. ಬಳ್ಳಿ ಬಿಚ್ಚುಕೆ ಹೇಳ್. ಆಮೇಲೆ ಗಾಡಿ ಹೊರಡತ್ತ್" ಎಂದೆ.

ಐವತ್ತು ದಾಟಿದ ಹೆಂಗಸು. ವಾರವಿಡೀ ಒಣಮೀನು ಮಾರುವವಳು, ವಾರಕ್ಕೊಮ್ಮೆ ಇಲ್ಲಿ ಬಂದು ನಿಮಗೆ ಪುಕ್ಕಟೆ ಬುದ್ಧಿ ಹೇಳುವವಳು. ಅಂಥವಳು ಹೆದ್ದಾರಿಯಲ್ಲಿ ಧರಣಿ ಕೂತದ್ದು ಯಾಕೆ ಅಂತೀರಾ? ಹೇಳುತ್ತೇನೆ. (ಅವತ್ತು ಹಾರ್ನ್ ಹೊಡೆದವರಲ್ಲಿ ಈ ಅಂಕಣದ ಓದುಗರೂ ಇದ್ದಿರಬಹುದು. ಕ್ಷಮೆ ಕೇಳುವುದಿಲ್ಲ.)

ಅಣ್ಣನ ದೋಣಿ ಇರುವುದು ಶಿರೂರಿನ ಕಡಲಬದಿಯಲ್ಲಿ. ಪ್ರತಿ ಬೇಸಗೆಯ ಕೊನೆಗೆ, ಮಳೆಗಾಲದ ಮೀನುಗಾರಿಕೆಗೆ ಮೊದಲು, ಅದನ್ನು ತೆಕ್ಕಟ್ಟೆಯ ಫೈಬರ್ ಶೆಡ್ಡಿಗೆ ತರಬೇಕು. ತಳ ಸವೆದಿರುತ್ತದೆ, ಅಂಚು ಬಿರುಕು ಬಿಟ್ಟಿರುತ್ತದೆ, ತೇಪೆ ಹಾಕಿಸಬೇಕು. ಲಾರಿಯಲ್ಲಿ ಹೇರಬಹುದಲ್ಲ ಎಂದು ಕೇಳುವವರಿಗೆ: ಮರಳಿನ ಮೇಲೆ ಕ್ರೇನ್ ಬರುವುದಿಲ್ಲ. ಹಾಗಾಗಿ ನೆಲಕ್ಕೆ ತಾಗುವಷ್ಟು ತಗ್ಗಿನ ಟ್ರೈಲರ್. ಊರಿನ ಜನ ಸೇರಿ ದೋಣಿಯನ್ನು ಹೊತ್ತು ತಂದು ಅದರ ಮೇಲೆ ಇಡುತ್ತಾರೆ. ಎಳೆಯುವುದು ನನ್ನ ಪಿಕಪ್. ಒಣಮೀನು ಹೇರಿಕೊಂಡು ಶಂಕರನಾರಾಯಣದ ತನಕ ಸಂತೆ ಸಂತೆ ಸುತ್ತುವ ಗಾಡಿ ಅದು, ವರ್ಷಕ್ಕೆರಡು ದಿನ ಅಣ್ಣನ ಸೇವೆಗೆ.

ಆ ಟ್ರೈಲರಿಗೆ ಬ್ರೇಕ್ ಇರಲಿಲ್ಲ. ಯಾವುದೋ ಹಳೇ ಕಾರಿನ ಆಕ್ಸಲ್ಲಿಗೆ ಕಬ್ಬಿಣದ ಚೌಕಟ್ಟು ಬೆಸೆದು ಮಾಡಿದ್ದು. ಹೋಗುವುದು ಗೊತ್ತು, ನಿಲ್ಲುವುದು ಗೊತ್ತಿಲ್ಲ. ಬೈಂದೂರಿನಿಂದ ತೆಕ್ಕಟ್ಟೆಯವರೆಗೆ ರಸ್ತೆ ಹೆಚ್ಚುಕಮ್ಮಿ ಸಮತಟ್ಟು, ತೊಂದರೆಯಿಲ್ಲ. ತೊಂದರೆ ಇರುವುದು ಶಿರೂರು ಬಿಟ್ಟ ಮೇಲೆ ಸಿಗುವ ಒತ್ತಿನೆಣೆಯ ಇಳಿಜಾರಿನಲ್ಲಿ. ಅಲ್ಲಿ ದೋಣಿ ಹಿಂದಿನಿಂದ ಗಾಡಿಯನ್ನು ನೂಕುತ್ತದೆ.

ಅದಕ್ಕೆ ನಮ್ಮವರು ಕಂಡುಕೊಂಡ ಉಪಾಯವೇ ಹಿಂಬಳ್ಳಿ.

ನಮ್ಮ ಕಡೆ ಬಳ್ಳಿ ಅಂದರೆ ಹಗ್ಗ. ಗುಡ್ಡದ ತಲೆಯಲ್ಲಿ ಗಾಡಿ ನಿಲ್ಲಿಸುವುದು. ಒಂದು ಕಾಯಿ ಒಡೆಯುವುದು. ದೋಣಿಯ ಹಿಂಬದಿಗೆ ಹಗ್ಗ ಕಟ್ಟುವುದು. ನೆಂಟರಿಷ್ಟರಲ್ಲಿ ಗಟ್ಟಿಮುಟ್ಟಾದ ಆರು ಜನ ಅದನ್ನು ಹಿಡಿದು, ಹಿಂದಕ್ಕೆ ವಾಲಿಕೊಂಡು, ಹಿಮ್ಮಡಿ ಊರುತ್ತಾ ಗುಡ್ಡದ ಬುಡದವರೆಗೆ ನಡೆಯುವುದು. ಬುಡ ಮುಟ್ಟಿದ ಮೇಲೆ ಬೈಂದೂರಿನಲ್ಲಿ ಚಾ, ಗೋಳಿಬಜೆ. ಹಿಂಬಳ್ಳಿಗೆ ಕರೆ ಬಂತು ಎಂದರೆ ಆ ಮನೆಗೆ ನೀವು ಬೇಕಾದವರು ಎಂದರ್ಥ. ಕರೆಯದೆ ಬಿಟ್ಟರೆ ಮಾತು ಬಿಡುವವರಿದ್ದಾರೆ. ಮದುವೆಗೆ ಕರೆಯದಿದ್ದರೂ ಸಹಿಸಿಯಾರು!

ಅಪ್ಪಯ್ಯನ ಕಾಲದಲ್ಲಿ ಇದರಲ್ಲಿ ಅರ್ಥವಿತ್ತು. ಆಗ ಮರದ ದೋಣಿ ಎತ್ತಿನ ಗಾಡಿಯಲ್ಲಿ ಬರುತ್ತಿತ್ತು. ಎತ್ತಿನ ನಡಿಗೆ, ಮನುಷ್ಯನ ನಡಿಗೆ ಎರಡೂ ಒಂದೇ. ಈಗ? ಎದುರಿನಿಂದ ಬರುವ ಎಕ್ಸ್‌ಪ್ರೆಸ್ ಬಸ್ಸಿನವನಿಗೆ ಹಿಂಬಳ್ಳಿಯೂ ಗೊತ್ತಿಲ್ಲ, ಮುಂಬಳ್ಳಿಯೂ ಗೊತ್ತಿಲ್ಲ.

ಹೋದ ವರ್ಷ ಆದದ್ದು ಇಷ್ಟು. ಗಾಡಿ ಬಿಡುತ್ತಿದ್ದದ್ದು ಅಣ್ಣ, ನಾನು ಪಕ್ಕದಲ್ಲಿದ್ದೆ. ಹಿಂದೆ ಹಗ್ಗ ಹಿಡಿದವರಲ್ಲಿ ನಮ್ಮ ಚಿಕ್ಕಮ್ಮನ ಮಗ ಶೀನನೂ ಇದ್ದ. ಅರ್ಧ ಗುಡ್ಡ ಇಳಿದಾಗ ತಿರುವಿನಲ್ಲಿ ಒಂದು ಬಸ್ಸು ಕಾರನ್ನು ಹಿಂದೆ ಹಾಕಿ ನಮ್ಮ ಮುಖಕ್ಕೇ ಬಂತು. ಅಣ್ಣ ಬ್ರೇಕ್ ತುಳಿದ. ಗಾಡಿ ನಿಂತಿತು. ದೋಣಿ ನಿಲ್ಲಲಿಲ್ಲ. ಹಿಂದಿನಿಂದ ಗುದ್ದಿ, ಪಿಕಪ್ಪಿನ ಬಾಲವನ್ನೇ ಪಕ್ಕಕ್ಕೆ ತಿರುಗಿಸಿತು. ಬಸ್ಸಿನವ ಹೇಗೋ ಪಾರಾದ.

ಐದು ಜನ ಹಗ್ಗ ಬಿಟ್ಟರು. ಶೀನ ಬಿಡಲಿಲ್ಲ. ಬಿಡಲಿಲ್ಲ ಅಲ್ಲ, ಬಿಡಲಾಗಲಿಲ್ಲ. ಹಗ್ಗವನ್ನು ಬಲಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದ.

ಕಡಲಲ್ಲಿ ಬಲೆ ಎಳೆಯುವವರ ಅಭ್ಯಾಸ ಅದು. ಅಲ್ಲಿ ಹಗ್ಗ ಜಗ್ಗಿದರೆ ದೋಣಿಯೂ ಅತ್ತ ವಾಲುತ್ತದೆ, ನೀರೂ ಸಡಿಲ ಕೊಡುತ್ತದೆ, ಕೈ ಉಳಿಯುತ್ತದೆ. ಟಾರು ರಸ್ತೆ ಎಲ್ಲಿ ವಾಲುತ್ತದೆ? ಹಗ್ಗ ಶೀನನನ್ನು ರಸ್ತೆ ಬದಿಯ ಜಲ್ಲಿಯ ಮೇಲೆ ಎಳೆದುಕೊಂಡು ಹೋಯಿತು. ಕೈ ಉಳಿಯಿತು, ಹಿಡಿತ ಉಳಿಯಲಿಲ್ಲ. ಎರಡು ಬೆರಳು ಮಡಚುವುದೇ ಇಲ್ಲ. ಊರಿಗೇ ಹೆಸರಾಗಿದ್ದ ಬಲೆಗಾರ ಈಗ ದಡದಲ್ಲಿ ಹೆಂಗಸರ ಜೊತೆ ಕೂತು ಬಂಗುಡೆ, ಬೂತಾಯಿ ಮೀನು ಆರಿಸಿ ಬೇರೆ ಮಾಡುತ್ತಾನೆ. ಹೆಂಗಸರ ಜೊತೆ ಕೂರುವುದು ಕೀಳು ಎಂದು ನಾನು ಹೇಳುತ್ತಿಲ್ಲ. ಅವನು ಕಡಲ ಕಡೆ ನೋಡುವ ರೀತಿ ನನಗೆ ನೋಡಲಾಗುವುದಿಲ್ಲ, ಅಷ್ಟೆ.

ಊರು ಏನು ಹೇಳಿತು ಗೊತ್ತೇ? "ಬಳ್ಳಿ ಕೈಗೆ ಸುತ್ಕಂಡದ್ದ್ ಅವಂದೇ ತಪ್ಪ್." ಮುಗಿಯಿತು. ಎಲ್ಲರೂ ಕೈ ತೊಳೆದುಕೊಂಡರು. ಆ ಕೈ ಅಲ್ಲಿ ಯಾಕಿತ್ತು ಎಂದು ಒಬ್ಬರಾದರೂ ಕೇಳಬೇಡವೇ? ಇಂಜಿನ್ನು, ಗೇರು, ನಾಲ್ಕು ಚಕ್ರದ ಬ್ರೇಕು ಇರುವ ಗಾಡಿಯನ್ನೇ ನೂಕುವ ಭಾರವನ್ನು ಹಿಡಿದು ನಿಲ್ಲಿಸಲು ಆರು ಜನರ ಹಿಮ್ಮಡಿ ಸಾಕೇ? ಹಿಂಬಳ್ಳಿ ಎಂದೂ ದೋಣಿಯನ್ನು ಹಿಡಿದಿರಲಿಲ್ಲ. ಹಿಡಿದೆವು ಎಂಬ ಸಮಾಧಾನವನ್ನು ಮಾತ್ರ ಕೊಡುತ್ತಿತ್ತು. ಇಷ್ಟು ವರ್ಷ ತಿರುವಿನಲ್ಲಿ ಬಸ್ಸು ಬಂದಿರಲಿಲ್ಲ, ಅಷ್ಟೇ ಕತೆ.

ನಾನು ಅಣ್ಣನಿಗೆ ಹೇಳಿದೆ. ಟ್ರೈಲರಿಗೆ ಅದರದೇ ಬ್ರೇಕ್ ಹಾಕಿಸದೆ ನನ್ನ ಗಾಡಿ ಕೊಡುವುದಿಲ್ಲ.

"ಇಡೀ ಊರಂಗೆ ಯಾರ ಟ್ರೈಲರಿಗೆ ಬ್ರೇಕ್ ಇತ್ತ್, ಹೇಳ್ ಕಾಂಬ" ಎಂದ.

"ನಮ್ದಕ್ಕೆ ಇರತ್ತ್" ಎಂದೆ.

ಹೀಗೆ ಹೇಳುವುದು ಸುಲಭ. ಯಾವ ಬ್ರೇಕು? ಅಲ್ಲಿಂದ ನನ್ನ ತಲೆಬಿಸಿ ಶುರುವಾಯಿತು.

ಸಹಾಯಕ್ಕೆ ಬಂದವನು ಸೋದರಮಾವನ ಮಗ ರಾಜು. ಮಸ್ಕತ್ತಿನಲ್ಲಿ ಮೋಜಿನ ಬೋಟುಗಳನ್ನು ಬಾಡಿಗೆಗೆ ಕೊಡುವ ಕಡೆ ಕೆಲಸ. ಅಲ್ಲಿ ದಿನಾ ಟ್ರೈಲರ್ ಎಳೆಯುವುದೇ. ರಜೆಗೆ ಬರುವವನಿಗೆ ಫೋನ್ ಮಾಡಿ, "ಖರ್ಜೂರ, ಸೆಂಟ್ ಎಲ್ಲ ಬೇಡ ಮಾರಾಯ, ನಂಗೆ ಬ್ರೇಕ್ ತಕಂಡ್ ಬಾ" ಎಂದೆ. ತಂದ. ಸೂಟ್‌ಕೇಸಿನಿಂದ ಒಂದಲ್ಲ, ಎಲ್ಲ ಬಗೆಯ ಬ್ರೇಕಿನ ಸಾಮಾನು, ಪ್ಲೇಟು, ಕೊಂಡಿ, ಮ್ಯಾಗ್ನೆಟ್ಟು ಹೊರಬಂದಾಗ ಅವನ ಅಮ್ಮನ ಮುಖ ನೋಡಬೇಕಿತ್ತು.

ಅಂಗಳದಲ್ಲಿ ಗೋಣಿ ಹಾಸಿ, ಎಲ್ಲ ಹರಡಿಕೊಂಡು ಪಾಠ ಶುರು. ಮೂರು ದಾರಿ ಇದೆ ಎಂದ, ತನ್ನಷ್ಟಕ್ಕೆ ಹಿಡಿಯುವುದು ಒಂದು, ಕರೆಂಟಿನವು ಎರಡು.

ಒಂದು, ಸರ್ಜ್ ಬ್ರೇಕ್. ವೈರು, ಕರೆಂಟು ಏನೂ ಬೇಡ. ಟ್ರೈಲರ್ ಮುಂದಿನ ಗಾಡಿಯನ್ನು ನೂಕಿದರೆ ಕೊಂಡಿಯಲ್ಲಿರುವ ದಂಡ ಒಳಕ್ಕೆ ಒತ್ತಿ, ಟ್ರೈಲರಿನ ಬ್ರೇಕು ತಾನಾಗಿ ಹಿಡಿಯುತ್ತದೆ. ಅವರ ಕಡೆ ಬೋಟ್ ಎಳೆಯುವವರೆಲ್ಲ ಹೆಚ್ಚಾಗಿ ಇದನ್ನೇ ಹಾಕುವುದಂತೆ.

"ಅಕ್ಕಾ, ನಿಂಗೆ ಇದೇ ಸಾಕ್. ತನ್ನಷ್ಟಕ್ಕೆ ಹಿಡಿತ್ತ್. ನೀನೆಂತದೂ ಮಾಡುಕಿಲ್ಲೆ. ಹೆಂಗಸ್ರಿಗೆ ಬೆಸ್ಟ್" ಎಂದ.

ನನಗೆ ಸಿಟ್ಟು ಬಂದದ್ದು ಅಲ್ಲಿ. ಹೆಂಗಸರಿಗೆ ಬೆಸ್ಟ್ ಎಂದು ಯಾರಾದರೂ ಏನನ್ನಾದರೂ ಕೊಟ್ಟರೆ, ಅದರಲ್ಲಿ ಒತ್ತಲು ಒಂದು ಬಟನ್ನಾದರೂ ಇದೆಯೇ ಎಂದು ಮೊದಲು ನೋಡಿ. ಇರುವುದಿಲ್ಲ!

ಸಿಟ್ಟು ಬದಿಗಿಟ್ಟೇ ಯೋಚಿಸಿದೆ. ಸರ್ಜ್ ಬ್ರೇಕ್ ಹಿಡಿಯಬೇಕಾದರೆ ದೋಣಿ ಮೊದಲು ನನ್ನ ಬೆನ್ನಿಗೆ ಒತ್ತಬೇಕು. ಒತ್ತಿದ ಮೇಲೆ ಅದಕ್ಕೆ ಎಚ್ಚರ. ಉದ್ದದ ಇಳಿಜಾರಿನಲ್ಲಿ ಒತ್ತಡ ಬಿಡುವುದೇ ಇಲ್ಲ, ಗುಡ್ಡದುದ್ದಕ್ಕೂ ಬ್ರೇಕು ಉಜ್ಜುತ್ತಾ ಕಾಯುತ್ತಾ ಬರಬೇಕು. ಬೇಕೆಂದಾಗ ಹಿಡಿ, ಬೇಡವೆಂದಾಗ ಬಿಡು ಎಂದು ಹೇಳಲು ನನಗೆ ಬಾಯಿಲ್ಲ.

"ಹಾಂಗಾರೆ ಕರೆಂಟಿಂದ್ ಹಾಕ್" ಎಂದೆ.

"ಬೋಟಿನ ಟ್ರೈಲರಿಗೆ ಯಾರೂ ಕರೆಂಟಿಂದ್ ಹಾಕುದಿಲ್ಲೆ ಅಕ್ಕಾ. ಉಪ್ಪುನೀರಿಗೆ ಮುಳುಗ್ಸಿರೆ ಮ್ಯಾಗ್ನೆಟ್ ಢಮಾರ್."

"ಅಲ್ಲಿ ಟ್ರೈಲರನ್ನ ನೀರಿಗೆ ಇಳಿಸ್ತ್ರಾ?"

"ಮತ್ತೆ? ರಿವರ್ಸಂಗೆ ನೀರಿಗೇ ಇಳಿಸಿ ಬೋಟ್ ತೇಲ್ಸುದ್."

"ನಮ್ಮಲ್ಲಿ ಇಳಿಸ್ತ್ರಾ?"

ರಾಜು ಮ್ಯಾಗ್ನೆಟ್ಟನ್ನು ನನ್ನ ಕಡೆ ಸರಿಸಿದ. ನಮ್ಮಲ್ಲಿ ದೋಣಿಯನ್ನು ಜನ ಹೊರುತ್ತಾರೆ. ಟ್ರೈಲರಿನ ಚಕ್ರ ಒಣ ಮರಳು ದಾಟಿ ಮುಂದೆ ಹೋದದ್ದೇ ಇಲ್ಲ. ಬೋಟಿನ ಟ್ರೈಲರಿಗೆ ಇಂಥದ್ದೇ ಬ್ರೇಕ್ ಎಂದು ಪುಸ್ತಕ ಬರೆದವರಿಗೆ ಶಿರೂರಿನ ಹೆಗಲುಗಳು ಗೊತ್ತಿರಲಿಲ್ಲ. ಉಪ್ಪುಗಾಳಿ ಇದೆ, ನಿಜ. ಬಂದ ಮೇಲೆ ಬಾವಿನೀರಲ್ಲಿ ತೊಳೆದರಾಯಿತು. ಒಣಮೀನಿನ ಗಾಡಿಯನ್ನು ದಿನಾ ತೊಳೆಯುವವಳಿಗೆ ಎರಡು ಚಕ್ರ ಹೆಚ್ಚೇ?

ಕರೆಂಟಿನದರಲ್ಲೂ ಎರಡು ಬಗೆ. ಪಿಕಪ್ಪಿನ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಸಣ್ಣ ಪೆಟ್ಟಿಗೆ ಕೂರಿಸುವುದು, ಕಂಟ್ರೋಲರ್ ಅಂತ. ಕಾಲು ಬ್ರೇಕ್ ತುಳಿದ ತಕ್ಷಣ ಅದು ಹಿಂದಿನ ಚಕ್ರಗಳಿಗೆ ಕರೆಂಟು ಕಳಿಸುತ್ತದೆ. ಎಷ್ಟು ಕಳಿಸುತ್ತದೆ ಎನ್ನುವುದರಲ್ಲಿದೆ ವ್ಯತ್ಯಾಸ.

ಟೈಮ್ ಡಿಲೇ ಪೆಟ್ಟಿಗೆಗೆ ಮೊದಲೇ ಒಂದು ಮಟ್ಟ ಗೊತ್ತುಮಾಡಿ ಇಟ್ಟಿರುತ್ತಾರೆ. ನೀವು ಮೆಲ್ಲಗೆ ತುಳಿದರೂ ಅಷ್ಟೇ, ಪ್ರಾಣ ಹೋಗುತ್ತಿದೆ ಎಂದು ತುಳಿದರೂ ಅಷ್ಟೇ. ತನ್ನ ಹೊತ್ತಿಗೆ ತಕ್ಕಂತೆ ನಿಧಾನವಾಗಿ ಏರುತ್ತದೆ. ಎದುರಿಗೆ ಬಸ್ಸು ಬಂದರೇನು, ನಾಯಿ ಬಂದರೇನು, ಅದಕ್ಕೆ ಎಲ್ಲ ಒಂದೇ. (ಇಂಥ ಒಬ್ಬರು ನಿಮ್ಮ ಆಫೀಸಿನಲ್ಲೂ ಇದ್ದಾರೆ, ನನಗೆ ಗೊತ್ತು.)

ಇನ್ನೊಂದು ಪ್ರೊಪೋರ್ಷನಲ್. ಅದರೊಳಗೆ ಗಾಡಿಯ ವೇಗ ಎಷ್ಟು ಜೋರಾಗಿ ಇಳಿಯುತ್ತಿದೆ ಎಂದು ಗ್ರಹಿಸುವ ವಸ್ತು ಇದೆ. ನೀವು ಮೆಲ್ಲ ನಿಂತರೆ ಹಿಂದಿನದೂ ಮೆಲ್ಲ, ಗಕ್ಕನೆ ನಿಂತರೆ ಅದೂ ಗಕ್ಕನೆ. ಮುಂದಿನವರನ್ನು ನೋಡಿಕೊಂಡು ಹೆಜ್ಜೆ ಹಾಕುವ ಬುದ್ಧಿ. ಜೊತೆಗೆ ಪೆಟ್ಟಿಗೆಯ ಮುಂಭಾಗದಲ್ಲಿ ಒಂದು ಸಣ್ಣ ಹಿಡಿ. ಹೆಬ್ಬೆರಳಲ್ಲಿ ಒತ್ತಿದರೆ ನಮ್ಮ ಗಾಡಿಯ ಬ್ರೇಕ್ ಮುಟ್ಟದೆ ಹಿಂದಿನ ಟ್ರೈಲರನ್ನು ಮಾತ್ರ ಹಿಡಿಯಬಹುದು.

"ಇದೇ" ಎಂದೆ.

"ಇದನ್ನ ಸೆಟ್ ಮಾಡುದ್ ಸ್ವಲ್ಪ ಕಷ್ಟ ಅಕ್ಕಾ" ಎಂದ.

"ಒಣಮೀನು ಮಳೆಗಾಲದಂಗೆ ಹಾಳಾಗ್ದಿದ್ದಾಂಗೆ ಇಟ್ಟವ್ಳಿಗೆ ಇದೆಂತಾ ಕಷ್ಟ ಮಾರಾಯ!"

(ಕಷ್ಟವೇ ಆಯಿತು. ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ.)

ಬ್ರಹ್ಮಾವರದ ಒಂದು ವೆಲ್ಡಿಂಗ್ ಶಾಪಿನಲ್ಲಿ ಆಕ್ಸಲ್ ಬದಲಾಯಿಸಿ, ಡ್ರಮ್ಮು ಕೂರಿಸಿ, ವೈರ್ ಎಳೆದದ್ದಾಯಿತು. ಟ್ರೈಲರಿಗೆ ಕೆಂಪುಕಲ್ಲು ಹೇರಿ ಖಾಲಿ ರಸ್ತೆಯಲ್ಲಿ ಪರೀಕ್ಷೆ. ಮೊದಲ ಸಲ ಅಳತೆ ಹೆಚ್ಚಿಟ್ಟಿದ್ದೆವು. ತುಳಿದದ್ದೇ ತಡ, ಹಿಂದಿನ ಚಕ್ರ ಕಚ್ಚಿಕೊಂಡು ಕಿರ್ರೆಂದು ಕೂಗಿ, ಅಕ್ಕಪಕ್ಕದ ಮನೆಯವರೆಲ್ಲ ಗೇಟಿಗೆ ಬಂದರು. ಕಡಿಮೆ ಮಾಡಿದೆವು, ಹಿಡಿಯಲೇ ಇಲ್ಲ. ಕಲ್ಲು ಇಳಿಸಿದರೆ ಒಂದು ಅಳತೆ, ಹೇರಿದರೆ ಇನ್ನೊಂದು. ಮಧ್ಯಾಹ್ನದ ಊಟ ತಪ್ಪಿಸಿ ಹತ್ತಿದ್ದು ಇಳಿದದ್ದು ಮಾಡಿದ ಮೇಲೆ ಹಿಡಿತ ಸಿಕ್ಕಿತು. ತುಳಿದಾಗ ಹಿಂದೆ ಒಂದು ಭಾರ ಇದೆ ಎನ್ನುವುದೇ ಮರೆತುಹೋಗುವ ಹಾಗೆ, ಎರಡೂ ಒಟ್ಟಿಗೆ ನಿಂತವು. ಖುಷಿಯಲ್ಲಿ ಒಂದು ಸಲ ಹಾರ್ನ್ ಹೊಡೆದೆ.

ಅಣ್ಣ ಬಂದು ನೋಡಲೂ ಇಲ್ಲ.

ನೀವು ಅವನನ್ನು ಹಠಮಾರಿ ಎನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ದಿನ ಸಂತೆಯಲ್ಲಿ ಮೀನು ತೂಗುತ್ತಾ ಇದ್ದಾಗ ಹೊಳೆಯಿತು. ಈ ವರ್ಷ ಬ್ರೇಕ್ ಬೇಕು ಎಂದು ಒಪ್ಪಿದರೆ, ಹೋದ ವರ್ಷವೂ ಬೇಕಿತ್ತು ಎಂದು ಒಪ್ಪಿದ ಹಾಗೆ. ಆಗ ಸ್ಟೇರಿಂಗ್ ಹಿಡಿದಿದ್ದವನು ಅವನು. ಶೀನನ ತಪ್ಪು ಎಂದೇ ಉಳಿದರೆ ಅವನಿಗೆ ನಿದ್ದೆ ಬರುತ್ತದೆ. ಪಾಪ ಅನಿಸಿತು. ಆದರೆ ಒಬ್ಬನ ನಿದ್ದೆಗೆ ಇನ್ನೊಬ್ಬನ ಕೈ ಕೊಡಲಾಗುತ್ತದೆಯೇ? ಹಿಂಬಳ್ಳಿ ಕಟ್ಟುವುದಾದರೆ ಗಾಡಿ ಕೊಡುವುದಿಲ್ಲ ಎಂದು ಪಟ್ಟು ಹಿಡಿದೆ. ದೋಣಿ ಶೆಡ್ಡಿಗೆ ಹೋಗಲೇಬೇಕಿತ್ತು, ಬೇರೆ ಗಾಡಿಯವರು ಆ ಟ್ರೈಲರ್ ಮುಟ್ಟಲು ಒಪ್ಪಲಿಲ್ಲ. ಕೊನೆಗೆ ಹೂಂ ಎಂದ. ಗಾಡಿ ನಾನೇ ಬಿಡುತ್ತೇನೆ ಎಂದೆ. ಅದಕ್ಕೂ ಹೂಂ.

ಇಷ್ಟು ಸಲೀಸಾಗಿ ಹೂಂ ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ಶುಕ್ರವಾರ ಒತ್ತಿನೆಣೆ ಹತ್ತಿ ನೋಡಿದರೆ, ಹೈವೇ ಅಗಲ ಮಾಡಲು ಗುಡ್ಡ ಕಡಿದ ಕೆಂಪು ಮಣ್ಣಿನ ರಾಶಿಯ ಪಕ್ಕ ಒಂದು ಟೆಂಪೊ. ಅದರಿಂದ ಇಳಿದು ನಿಂತ ಆರು ಜನ. ಹಗ್ಗ, ಒಡೆಯಲು ಕಾಯಿ, ಎಲ್ಲ ತಯಾರು. ನಾನು ಗಾಡಿ ನಿಲ್ಲಿಸಿದ್ದೇ ತಡ, ಬಳ್ಳಿ ಬಿಗಿದೂ ಆಯಿತು. ಆ ಆರು ಜನರಲ್ಲಿ ಕೊನೆಯವನು ಶೀನ. ಎಡಗೈಯಲ್ಲಿ ಹಗ್ಗ ಹಿಡಿದಿದ್ದ. ಬಲಗೈಯನ್ನು ಲುಂಗಿಯ ಮಡಿಕೆಯೊಳಗೆ ಮರೆಮಾಡಿದ್ದ.

ನನ್ನ ಮೈ ಉರಿದುಹೋಯಿತು.

"ನೀನ್ ಎಂತಕ್ ಬಂದದ್ದ್?" ಎಂದು ಕಿರುಚಿದೆ.

"ನಾನ್ ಬರ್ದಿರೆ ಅಣ್ಣನ ಮೇಲೆ ಕೋಪ ಇತ್ತ್ ಅಂದ್ಕಂತ್ರ್ ಅಕ್ಕಾ" ಎಂದ, ಬಹಳ ಮೆಲ್ಲಗೆ.

ನೋಡಿ! ಕೈ ಹೋದವನು, ಆ ಕೈ ಹೋಗಲು ಕಾರಣರಾದವರಿಗೆ ಬೇಸರವಾಗಬಾರದು ಎಂದು ಉಳಿದ ಕೈ ಹಿಡಿದುಕೊಂಡು ಬಂದಿದ್ದಾನೆ. ಇದಕ್ಕೆ ನಾವು ಒಗ್ಗಟ್ಟು ಎಂದು ಹೆಸರಿಟ್ಟಿದ್ದೇವೆ. ಆಗಲೇ ನಾನು ಕೀ ತೆಗೆದು ಸೆರಗಿಗೆ ಕಟ್ಟಿಕೊಂಡದ್ದು.

ಅಣ್ಣ ಬೈದ. ಕೈ ಮುಗಿಯುವಂತೆ ಮಾಡಿದ. "ಬ್ರೇಕೂ ಇರ್ಲಿ, ಬಳ್ಳಿಯೂ ಇರ್ಲಿ. ಬಂದ ಜನರನ್ನ ಹಾಂಗೇ ಕಳ್ಸುಕಾತ್ತಾ?" ಎಂದ.

"ಚಾ ಕೊಡ್ಸಿ ಕಳ್ಸ್. ದೋಣಿ ಹೊರ್ಕಾರೆ ಜನ ಬೇಕ್, ನಾನೇ ಕರಿತೆ. ದೋಣಿ ನಿಲ್ಸುಕೆ ಜನ ಬೇಡ" ಎಂದೆ. ಟ್ಯಾಂಕರಿನವನು ಇಳಿದು ಬಂದು ಹಿಂದಿಯಲ್ಲಿ ಏನೋ ಅಂದ. ನಾನು ಕ್ಯಾರೇ ಅನ್ನಲಿಲ್ಲ.

ಆಮೇಲೆ ಶೀನನ ಕಡೆ ತಿರುಗಿದೆ. "ಶೀನಾ, ಬಳ್ಳಿ ಕೆಳಗ್ ಹಾಕ್. ಬಾ, ಎದ್ರ್ ಸೀಟಂಗೆ ಕೂಕೋ."

ಅವನು ಅಣ್ಣನ ಮುಖ ನೋಡಿದ. ಅಣ್ಣ ಬೇರೆ ಕಡೆ ನೋಡಿದ. ಶೀನ ಕೊನೆಗೆ ಹಗ್ಗ ನೆಲಕ್ಕಿಟ್ಟ. ಎಸೆಯಲಿಲ್ಲ, ಬಗ್ಗಿ ಇಟ್ಟ. ಅವನು ಬಿಟ್ಟ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಿಟ್ಟರು. ಅವರಿಗೂ ಯಾರಾದರೂ ಮೊದಲು ಬಿಡಲಿ ಎಂದೇ ಇತ್ತೋ ಏನೋ.

ಗಾಡಿ ಹತ್ತಿದ ಶೀನ ಪೆಟ್ಟಿಗೆ ನೋಡಿ, "ಅಕ್ಕಾ, ಈ ಹಿಡಿ ನಾನ್ ಒತ್ತುದಾ?" ಎಂದ.

"ನೀನ್ ಎಂತದೂ ಹಿಡ್ಕಂಬ್ದ್ ಬೇಡ. ಕೈ ಕಟ್ಟಿ ಸುಮ್ನೆ ಕೂಕೋ."

ಎರಡನೇ ಗೇರಿನಲ್ಲಿ ಇಳಿದೆ. ಹೆದರಿಕೆಯಿತ್ತು, ಯಾಕೆ ಮುಚ್ಚಿಡಲಿ? ಬ್ರಹ್ಮಾವರದ ಸಪಾಟು ರಸ್ತೆ ಬೇರೆ, ಒತ್ತಿನೆಣೆ ಬೇರೆ. ಅರ್ಧ ಇಳಿದಾಗ ಅದೇ ತಿರುವು. ಮಣ್ಣು ತುಂಬಿದ ಟಿಪ್ಪರ್ ಒಂದು ಸಿಗ್ನಲ್ಲೂ ಇಲ್ಲದೆ ಬಲಗಡೆಯಿಂದ ರಸ್ತೆಗೆ ನುಗ್ಗಿತು. ಶೀನ ಕಾಲಿನಿಂದ ಗಾಡಿಯ ನೆಲ ಒತ್ತಿ ಹಿಡಿದ.

ಎಡಗೈ ಹೆಬ್ಬೆರಳು ಮೊದಲು ಹಿಡಿಯ ಮೇಲೆ ಹೋಯಿತು. ಹಿಂದಿನಿಂದ ಯಾರೋ ದೋಣಿಯನ್ನು ಬಲವಾಗಿ ಹಿಡಿದೆಳೆದ ಹಾಗಾಯಿತು. ಆಮೇಲೆ ಕಾಲು ಬ್ರೇಕ್. ಪಿಕಪ್, ಟ್ರೈಲರ್, ದೋಣಿ ಎಲ್ಲ ಒಂದೇ ಗೆರೆಯಲ್ಲಿ ನಿಂತವು. ಟಿಪ್ಪರಿನವನು ಕೈ ಬೀಸಿ ಹೋದ. ಏನೂ ಆಗಲಿಲ್ಲ. ಏನೂ ಆಗದಿರುವುದು ಎಷ್ಟು ದೊಡ್ಡ ವಿಷಯ ಎಂದು ಶೀನನ ಮುಖ ನೋಡಿದಾಗ ಗೊತ್ತಾಯಿತು. ಅವನು ಅಳುತ್ತಿದ್ದ. ನಾನು ರಸ್ತೆ ನೋಡುವ ನೆಪದಲ್ಲಿ ಮುಂದೆ ನೋಡಿದೆ.

ಬೈಂದೂರಿನಲ್ಲಿ ಚಾ, ಗೋಳಿಬಜೆ ತಪ್ಪಲಿಲ್ಲ. ಟೆಂಪೊದಲ್ಲಿ ಬಂದಿಳಿದವರು ಮೊದಮೊದಲು ಬರಿಗೈಯನ್ನು ಎಲ್ಲಿಡುವುದು ಎಂದು ತಿಳಿಯದವರ ಹಾಗೆ ಕೂತಿದ್ದರು. ಒಬ್ಬ, "ಈ ಸಲ ಸೊಂಟ ನೋವಿಲ್ಲೆ ಮರ್ರೆ" ಎಂದ. ಎಲ್ಲರೂ ನಕ್ಕರು. ಎರಡನೇ ಪ್ಲೇಟು ಬಂತು. ಬ್ರೇಕ್ ಬಂದದ್ದರಿಂದ ಯಾರ ನೆಂಟಸ್ತಿಕೆಯೂ ಹರಿದುಹೋಗಲಿಲ್ಲ.

ಅಣ್ಣ ಮಾತ್ರ ಚಾ ಮುಟ್ಟಿರಲಿಲ್ಲ. ಎಲ್ಲರೂ ಏಳುವ ಹೊತ್ತಿಗೆ ನನ್ನ ಹತ್ತಿರ ಬಂದು, ಕೇಳಲೋ ಬೇಡವೋ ಎನ್ನುವಂತೆ ಕೇಳಿದ: "ಅಲ್ಲ ಹೆಣೆ, ಆ ತಿರುವಂಗೆ ನಿನ್ ಬ್ರೇಕ್ ಹಿಡೀದೆ ಹೋಗಿದ್ರೆ ಎಂತ ಮಾಡ್ತಿದ್ದೆ?"

"ಹೋದ್ ವರ್ಷ ಬಳ್ಳಿ ಹಿಡೀಲಿಲ್ಲೆ ಅಣ್ಣಾ. ಆಗ ನೀನ್ ಎಂತ ಮಾಡ್ದೆ?"